ಥಿಯೋಕ್ರಿಟಸ್ ಓದಬೇಕೆಂದಿದ್ದೀರಾ? ಯಾವ ಅನುವಾದ ಯಾರಿಗೆ ಸರಿ

“ದನ ಕಾಯುವವರ ಹಾಡನ್ನು ಮೊದಲು ಕಾವ್ಯ ಮಾಡಿದವನು ಅಂತೀರಲ್ಲ, ಅವನನ್ನು ಓದಬೇಕು. ಯಾವ ಪುಸ್ತಕ ತಗೊಳ್ಳಲಿ?” ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕೇಳುವವರು ಮಾತ್ರ ಬೇರೆ ಬೇರೆ. ಒಬ್ಬ ಹುಡುಗ ಇಂಗ್ಲಿಷ್ ಎಂ.ಎ. ಓದುತ್ತಿದ್ದಾನೆ, ಮಿಲ್ಟನ್ ಪಾಠದ ನಡುವೆ ಈ ಹೆಸರು ಬಂದಿದೆ. ಒಬ್ಬರು ನಿವೃತ್ತ ಮೇಷ್ಟ್ರು. ಸಂಸ್ಕೃತ ಚೆನ್ನಾಗಿ ಬಲ್ಲರು, ಈಗ ಗ್ರೀಕ್ ಅಕ್ಷರ ಕಲಿಯುವ ಆಸೆ. ಇನ್ನೊಬ್ಬಳು ಕವಿತೆ ಬರೆಯುವ ಹುಡುಗಿ. ಪುಸ್ತಕಕ್ಕೆ ಸದ್ಯ ದುಡ್ಡಿಲ್ಲ, ಎಲ್ಲವನ್ನೂ ಫೋನಿನಲ್ಲೇ ಓದುತ್ತಾಳೆ. ಮೂವರಿಗೂ ಒಂದೇ ಪುಸ್ತಕದ ಹೆಸರು ಹೇಳಿದರೆ ಇಬ್ಬರಿಗಾದರೂ ಅನ್ಯಾಯ ಆಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನಿಲ್ಲಿ ಹೋಲಿಸುವುದು ಇಂಗ್ಲಿಷ್ ಅನುವಾದಗಳನ್ನು. ನಮ್ಮಲ್ಲಿ ಹೆಚ್ಚಿನವರು ಗ್ರೀಕ್ ಕಾವ್ಯಕ್ಕೆ ಹೋಗುವುದು ಆ ದಾರಿಯಲ್ಲೇ ಅಲ್ವಾ.

ಮೊದಲು ಆಸಾಮಿಯ ಪರಿಚಯ, ಬೇಗ ಮುಗಿಸುತ್ತೇನೆ. ಥಿಯೋಕ್ರಿಟಸ್ ಸಿಸಿಲಿ ದ್ವೀಪದ ಸಿರಕ್ಯೂಸ್ ಊರಿನವನು. ಕ್ರಿ.ಪೂ. 3ನೇ ಶತಮಾನದ ಮೊದಲ ಅರ್ಧದಲ್ಲಿ ಬರೆದ. ಸಿರಕ್ಯೂಸನ್ನು ಆಳಿದ ಹಿಯರೋ ಬಗ್ಗೆ ಒಂದು ಕವಿತೆ ಬರೆದ, ಈಜಿಪ್ಟಿನ ರಾಜ ಎರಡನೇ ಟಾಲೆಮಿಯನ್ನು ಹೊಗಳಿ ಇನ್ನೊಂದು ಬರೆದ. ಅಲೆಕ್ಸಾಂಡ್ರಿಯಾ ಪಟ್ಟಣವನ್ನೂ ಕಾಸ್ ದ್ವೀಪವನ್ನೂ ಚೆನ್ನಾಗಿ ಬಲ್ಲವನು. ಅವನ ಹೆಸರಿನಲ್ಲಿ 30 ಕವಿತೆಗಳು ಉಳಿದು ಬಂದಿವೆ, ಜೊತೆಗೆ ಕೆಲವು ಚುಟುಕುಗಳು. ಈ ಕವಿತೆಗಳಿಗೆ ‘ಇಡಿಲ್’ ಎನ್ನುತ್ತಾರೆ. ಆ ಹೆಸರು ಅವನು ಇಟ್ಟದ್ದಲ್ಲ, ಆಮೇಲೆ ಬಂದದ್ದು. ಇಂದು ಇಡಿಲ್ ಅಂದರೆ ಹಸಿರು ಹುಲ್ಲು, ನೆಮ್ಮದಿ, ಕೊಳಲು ಅಂತ ಮನಸ್ಸಿಗೆ ಬರುತ್ತದೆ. ಆದರೆ ಮೂವತ್ತರಲ್ಲಿ ಎಲ್ಲವೂ ದನಕುರಿಯ ಕವಿತೆಗಳಲ್ಲ. ಪೇಟೆಯ ಹೆಂಗಸರು ಜಾತ್ರೆಗೆ ಹೊರಡುವ ಕವಿತೆ ಇದೆ. ಕೈಕೊಟ್ಟ ಗಂಡಸನ್ನು ವಾಪಸ್ ಕರೆಸಲು ರಾತ್ರಿ ಮಾಟ ಮಾಡುವ ಹೆಣ್ಣಿನ ಕವಿತೆ ಇದೆ. ಗೆಳೆಯನ ಹೆಂಡತಿಗೆ ನೂಲುವ ಕದಿರನ್ನು ಉಡುಗೊರೆ ಕೊಡುವಾಗ ಬರೆದ ಪುಟ್ಟ ಕವಿತೆಯೂ ಇದೆ.

ಅವನು ಮಾಡಿದ ಹೊಸ ಕೆಲಸ ಏನು? ಹೋಮರ್ ಯುದ್ಧಕ್ಕೆ, ವೀರರಿಗೆ ಬಳಸಿದ ಆರು ಗಣಗಳ ಸಾಲನ್ನು ತಂದು ಆಡು ಕಾಯುವವನ ಬಾಯಿಗೆ ಕೊಟ್ಟ. ಅದೂ ಡೋರಿಕ್ ಎಂಬ ಉಪಭಾಷೆಯ ಬಣ್ಣ ಹಚ್ಚಿ. ದೊಡ್ಡ ಛಂದಸ್ಸು, ಸಣ್ಣ ಜನ. ಮುಂದೆ ಬಂದ ಪಾಸ್ಟರಲ್ ಕಾವ್ಯ, ಅಂದರೆ ದನಕುರಿ ಕಾಯುವವರ ಬದುಕಿನ ಕಾವ್ಯ, ಎಲ್ಲ ಹುಟ್ಟಿದ್ದು ಈ ಕೂಡಿಕೆಯಿಂದ. ವರ್ಜಿಲ್ ಲ್ಯಾಟಿನ್‌ನಲ್ಲಿ ಬರೆದ ಹತ್ತು ‘ಎಕ್ಲಾಗ್’ಗಳು, ಸ್ಪೆನ್ಸರ್, 17ನೇ ಶತಮಾನದ ಮಿಲ್ಟನ್, ಎಲ್ಲರೂ ಈ ಸಾಲಿನವರು.

ಆರಿಸುವ ಮೊದಲು ಏನು ನೋಡಬೇಕು

ನನ್ನ ಮೊದಲ ಅಳತೆ ವಾಸನೆ. ಇದು ತಮಾಷೆಯ ಮಾತಲ್ಲ. ಥಿಯೋಕ್ರಿಟಸ್ ಮೂಗಿನಿಂದ ಬರೆಯುವ ಕವಿ. ಮೊದಲ ಇಡಿಲ್‌ನಲ್ಲಿ ಆಡು ಕಾಯುವವನೊಬ್ಬ ಥರ್ಸಿಸ್ ಎಂಬ ಕುರಿಗಾಹಿಗೆ ಒಂದು ಮರದ ಬಟ್ಟಲು ಕೊಡುತ್ತೇನೆ ಎನ್ನುತ್ತಾನೆ. ಹೊಸ ಬಟ್ಟಲು, ಇನ್ನೂ ತುಟಿಗೆ ತಾಗಿಸಿಲ್ಲ, ಉಳಿಯ ವಾಸನೆಯೇ ಹೋಗಿಲ್ಲ. ಏಳನೇ ಇಡಿಲ್‌ನಲ್ಲಿ ಲಿಕಿಡಸ್ ಎಂಬ ಹಾಡುಗಾರ ದಾರಿಯಲ್ಲಿ ಸಿಗುತ್ತಾನೆ. ಹೆಗಲ ಮೇಲೆ ದಟ್ಟ ಕೂದಲಿನ ಆಡಿನ ಚರ್ಮ. ಚೀಸ್ ಮಾಡಲು ಹಾಲಿಗೆ ಹಾಕುವ ಹೆಪ್ಪಿನ ವಾಸನೆ ಆ ಚರ್ಮದಿಂದ ಬರುತ್ತಿದೆ. ಇಂಥ ಸಾಲುಗಳು ಅನುವಾದದಲ್ಲಿ ಮೂಗಿಗೆ ತಟ್ಟಬೇಕು. ‘ಸುಗಂಧ’, ‘ಮಧುರ’ ಅಂತ ಒರೆಸಿ ಹಾಕಿದ್ದರೆ ಆ ಪುಸ್ತಕ ಕೆಳಗಿಡಿ.

ಎರಡನೆಯದು ಮಾತು. ಇವು ಬಹಳ ಮಟ್ಟಿಗೆ ಸಂಭಾಷಣೆಯ ಕವಿತೆಗಳು. ಥಿಯೋಕ್ರಿಟಸ್‌ಗಿಂತ ಮುಂಚೆ, ಕ್ರಿ.ಪೂ. 5ನೇ ಶತಮಾನದಲ್ಲಿ, ಅದೇ ಸಿರಕ್ಯೂಸಿನಲ್ಲಿ ಸೋಫ್ರಾನ್ ಎಂಬವನು ದಿನನಿತ್ಯದ ಜನರ ಮಾತನ್ನೇ ಪುಟ್ಟ ಪ್ರಹಸನಗಳಾಗಿ ಬರೆದಿದ್ದ. ಅದರ ಗುಣ ಇವನಲ್ಲೂ ಇದೆ. ಹದಿನೈದನೇ ಇಡಿಲ್ ತೆಗೆದು ನೋಡಿ. ಗೋರ್ಗೊ ತನ್ನ ಗೆಳತಿ ಪ್ರಾಕ್ಸಿನೊಆಳ ಮನೆಗೆ ಬರುತ್ತಾಳೆ. ಇಬ್ಬರೂ ಸಿರಕ್ಯೂಸಿನವರು, ಈಗ ಅಲೆಕ್ಸಾಂಡ್ರಿಯಾದಲ್ಲಿ ಸಂಸಾರ. ಕೂತ ತಕ್ಷಣ ಗಂಡಂದಿರ ದೂರು ಶುರು. ಅಂಗಡಿಗೆ ಸೋಡಾ ಮತ್ತು ಕೆನ್ನೆಯ ಬಣ್ಣ ತರಲು ಹೋದವನು ಉಪ್ಪು ಹೊತ್ತು ಬಂದನಂತೆ! ಪಕ್ಕದಲ್ಲಿ ಮಗು ಕೇಳಿಸಿಕೊಳ್ಳುತ್ತಿದೆ, ಅದನ್ನು ಸಮಾಧಾನ ಮಾಡಬೇಕು. ಇದನ್ನು ಓದಿದಾಗ ಇಬ್ಬರು ಹೆಂಗಸರು ನಿಜವಾಗಿ ಮಾತಾಡಿದ ಹಾಗೆ ಕೇಳಿಸಿದರೆ ಅನುವಾದ ಗೆದ್ದ ಹಾಗೆ.

ಮಾತಿನ ಜೊತೆಗೇ ಉಪಭಾಷೆಯ ಪ್ರಶ್ನೆಯೂ ಬರುತ್ತದೆ. ಅದೇ ಕವಿತೆಯಲ್ಲಿ ಗುಂಪಿನೊಳಗಿನ ಒಬ್ಬ ಗಂಡಸು ಇವರ ಬಾಯಗಲಿಸುವ ಉಚ್ಚಾರ ಕೇಳಿ ಗದರುತ್ತಾನೆ. ಪ್ರಾಕ್ಸಿನೊಆ ಬಿಡುತ್ತಾಳೆಯೇ? ನಾವು ಸಿರಕ್ಯೂಸಿನವರು, ಮೂಲತಃ ಕೊರಿಂಥ್ ಕಡೆಯವರು, ಡೋರಿಯನ್ನರು ಡೋರಿಕ್ ಮಾತಾಡಿದರೆ ತಪ್ಪೇನು ಎಂದು ತಿರುಗಿ ಬೀಳುತ್ತಾಳೆ. ಧಾರವಾಡದಿಂದಲೋ ಕುಂದಾಪುರದಿಂದಲೋ ಬೆಂಗಳೂರಿಗೆ ಬಂದು ನೆಲೆಸಿದವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇಂಗ್ಲಿಷ್‌ನಲ್ಲಿ ಇದನ್ನು ಹೇಗೆ ತೋರಿಸುವುದು? ಸ್ಕಾಟ್ಲೆಂಡಿನ ಇಂಗ್ಲಿಷ್ ಹಾಕಿದರೆ ಅವರು ಸ್ಕಾಟ್ಲೆಂಡಿನವರಾಗಿಬಿಡುತ್ತಾರೆ. ಹಾಕದಿದ್ದರೆ ಜಗಳಕ್ಕೆ ಕಾರಣವೇ ಕಾಣುವುದಿಲ್ಲ. ಯಾವ ಅನುವಾದವೂ ಇದನ್ನು ಪೂರ್ತಿ ಬಗೆಹರಿಸಿಲ್ಲ. ಅದಕ್ಕೆ ಮೂರನೇ ಅಳತೆ ಬೇಕಾಗುತ್ತದೆ: ಟಿಪ್ಪಣಿ. ಯಾರು ಡ್ಯಾಫ್ನಿಸ್, ಯಾಕೆ ಪ್ಯಾನ್ ದೇವರೆಂದರೆ ಭಯ, ಡೋರಿಕ್ ಅಂದರೇನು ಎಂದು ಹೇಳುವವರು ಪಕ್ಕದಲ್ಲಿ ಇರಬೇಕು.

ನಾಲ್ಕನೆಯದು ದುಡ್ಡು. ಅದರ ಜೊತೆ ಪೂರ್ಣತೆ. 30 ಕವಿತೆಗಳಲ್ಲಿ 8, 9, 19, 20, 21, 23, 27 ಇವು ಥಿಯೋಕ್ರಿಟಸ್ ಬರೆದದ್ದಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕೆಲವು ಪುಸ್ತಕಗಳು ಎಲ್ಲವನ್ನೂ ಸೇರಿಸುತ್ತವೆ, ಕೆಲವು ಬಿಡುತ್ತವೆ. ಸುಮ್ನೆ ಓದುವ ಖುಷಿಗಾಗಿದ್ದರೆ ಇದು ದೊಡ್ಡ ವಿಷಯವಲ್ಲ. ಆದರೆ ಪಾಸ್ಟರಲ್ ಹೇಗೆ ಹುಟ್ಟಿ ಬೆಳೆಯಿತು ಎಂದು ತಿಳಿಯುವ ಆಸೆ ಇದ್ದರೆ 8 ಮತ್ತು 9 ಇರಲೇಬೇಕು. ಯಾರೋ ಅನುಕರಿಸಿದ ಕವಿತೆಗಳು ಅವು. ಅನುಕರಣೆ ಶುರುವಾದಾಗಲೇ ತಾನೇ ಒಂದು ಕಾವ್ಯ ಪ್ರಕಾರ ಹುಟ್ಟಿತು ಅನ್ನುವುದು? ಕೊಳ್ಳುವ ಮೊದಲು ಪರಿವಿಡಿ ನೋಡಿ.

ದುಡ್ಡಿಲ್ಲದೆ ಓದುವವರಿಗೆ: ಲ್ಯಾಂಗ್, ಕ್ಯಾಲ್ವರ್ಲಿ, ಎಡ್ಮಂಡ್ಸ್

ಹಕ್ಕುಸ್ವಾಮ್ಯ ಮುಗಿದ ಮೂರು ಅನುವಾದಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕ್ಯಾಲ್ವರ್ಲಿಯ ಪದ್ಯಾನುವಾದ 1869ರದ್ದು. ಆ್ಯಂಡ್ರೂ ಲ್ಯಾಂಗ್‌ನ ಗದ್ಯಾನುವಾದ 1880ರದ್ದು. ಇವೆರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇವೆ. ಎಡ್ಮಂಡ್ಸ್ ಮಾಡಿದ್ದು 1912ರಲ್ಲಿ, ಮೂಲವನ್ನೂ ಇಂಗ್ಲಿಷನ್ನೂ ಎದುರುಬದುರು ಪುಟದಲ್ಲಿ ಅಚ್ಚು ಹಾಕುವ ಲೋಬ್ ಮಾಲೆಗೆ.

ನಾನು ಮೊದಲು ಓದಿದ್ದು ಲ್ಯಾಂಗ್‌ನನ್ನು. ನಿಜ ಹೇಳಬೇಕೆಂದರೆ ಮೂರನೇ ಇಡಿಲ್‌ಗೆ ನಿಲ್ಲಿಸಿಬಿಟ್ಟೆ. ಎಲ್ಲರೂ ‘ದೌ’, ‘ದೈ’, ‘ಯಾಂಡರ್’ ಎಂದು ಬೈಬಲ್ಲಿನ ಹಾಗೆ ಮಾತಾಡುತ್ತಾರೆ. ಆಡು ಕಾಯುವವನೂ ಹಾಗೇ, ಸೈಕ್ಲೋಪ್ಸ್ ರಾಕ್ಷಸನೂ ಹಾಗೇ. ಆ ವಯಸ್ಸಿನಲ್ಲಿ ನನಗೆ ತಪ್ಪು ಥಿಯೋಕ್ರಿಟಸ್‌ನದು ಅನ್ನಿಸಿತು. ಹತ್ತು ವರ್ಷ ಅವನ ಕಡೆ ತಿರುಗಿ ನೋಡಲಿಲ್ಲ. ಆ ಹತ್ತು ವರ್ಷದ ನಷ್ಟ ಈಗಲೂ ನನಗೆ ನೋವು ಕೊಡುತ್ತದೆ. ಇಷ್ಟುದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಆದರೆ ಲ್ಯಾಂಗ್‌ನಲ್ಲಿ ಗುಣವೂ ಇದೆ. ಅವನು ಜನಪದ ಕಥೆಗಳನ್ನು ಬಹಳ ಪ್ರೀತಿಸಿದವನು. ಸಾಲುಗಳಿಗೆ ಒಂದು ನಿಧಾನದ ಇಂಪು ಇದೆ. ಗಟ್ಟಿಯಾಗಿ ಓದಿದರೆ ಅದು ತಿಳಿಯುತ್ತದೆ. ಮೊದಲ ಇಡಿಲ್‌ನಲ್ಲಿ ದನಗಾಹಿ ಡ್ಯಾಫ್ನಿಸ್ ಸಾಯುವ ಹಾಡಿನಲ್ಲಿ ಆ ಹಳೆಯ ಇಂಗ್ಲಿಷ್ ಒಪ್ಪುತ್ತದೆ ಕೂಡ. ಒಪ್ಪದಿರುವುದು ಜಗಳದಲ್ಲಿ, ಅಡುಗೆಮನೆಯ ಮಾತಿನಲ್ಲಿ. ಕ್ಯಾಲ್ವರ್ಲಿಯದು ಜಾಣ ಕೈ, ಪದ್ಯ ಕಟ್ಟುವುದರಲ್ಲಿ ಪಳಗಿದವನು. ಓದಲು ಚುರುಕಾಗಿದೆ. ಆದರೆ ಇಂಗ್ಲಿಷ್ ಪದ್ಯದ ಅಚ್ಚಿಗೆ ಕೂರಿಸಲು ಹೋಗಿ ಮೂಲದಿಂದ ಅಲ್ಲಲ್ಲಿ ಜರುಗುತ್ತಾನೆ. ಎಡ್ಮಂಡ್ಸ್‌ನದೂ ಹಳೆಯ ಧಾಟಿಯ ಇಂಗ್ಲಿಷೇ. ಎದುರು ಪುಟದಲ್ಲಿ ಗ್ರೀಕ್ ಇರುವುದು ಅದರ ಲಾಭ; ಸ್ಕ್ಯಾನ್ ಪ್ರತಿಯಲ್ಲಿ ಎರಡನ್ನೂ ನೋಡಬಹುದು.

ಹಳೆಯ ಅನುವಾದಗಳ ಇನ್ನೊಂದು ಕೊರತೆ ಹೇಳಲೇಬೇಕು. ಥಿಯೋಕ್ರಿಟಸ್‌ನಲ್ಲಿ ಪೋಲಿ ಮಾತು ಇದೆ, ಗಂಡು ಗಂಡಿನ ಪ್ರೀತಿಯೂ ಇದೆ. ಐದನೇ ಇಡಿಲ್‌ನಲ್ಲಿ ಕೊಮಾಟಸ್ ಮತ್ತು ಲೇಕಾನ್ ಒಬ್ಬರನ್ನೊಬ್ಬರು ಕಳ್ಳ ಎಂದು ಬೈದಾಡುತ್ತಾರೆ. ನನ್ನ ಆಡಿನ ಚರ್ಮ ಕದ್ದೆ, ನನ್ನ ಕೊಳಲು ಕದ್ದೆ ಎಂದು ಶುರುವಾದದ್ದು ಬಹಳ ದೂರ ಹೋಗುತ್ತದೆ. ಆ ಕಾಲದ ಇಂಗ್ಲಿಷ್ ಓದುಗರಿಗೆ ಅದನ್ನು ಹಾಗೇ ಬಡಿಸುವ ಹಾಗಿರಲಿಲ್ಲ. ಅದಕ್ಕೆ ಇಂಥ ಕಡೆ ಹಳೆಯ ಅನುವಾದಕರು ಮುಸುಕು ಹಾಕುತ್ತಾರೆ.

ಹಾಗಾದರೆ ಉಚಿತ ಪ್ರತಿ ಬೇಡವೇ? ಬೇಕು. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಲ್ಯಾಂಗ್‌ನನ್ನು ತೆರೆದು ಮೊದಲ, ಏಳನೇ ಮತ್ತು ಹನ್ನೊಂದನೇ ಇಡಿಲ್ ಮಾತ್ರ ಓದು. ಹದಿನೈದನೆಯದನ್ನು ಮುಟ್ಟಬೇಡ. ಅದನ್ನು ಹೊಸ ಅನುವಾದದಲ್ಲೇ ಮೊದಲ ಸಲ ಓದಬೇಕು. ಗ್ರಂಥಾಲಯದಲ್ಲಿ ಸಿಕ್ಕ ದಿನ ಓದಿದರೆ ಸಾಕು.

ಒಂದು ಎಚ್ಚರಿಕೆ. ಈ ಹಳೆಯ ಅನುವಾದಗಳನ್ನೇ ಮರುಮುದ್ರಿಸಿ ಹೊಸ ಮುಖಪುಟ ಹಾಕಿ ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ನಾನೊಮ್ಮೆ ತರಿಸಿಕೊಂಡೆ. ಸಾಲುಗಳ ನಡುವೆ ಪುಟಸಂಖ್ಯೆ ಬಂದು ಕೂತಿತ್ತು, ಗ್ರೀಕ್ ಪದಗಳಿದ್ದ ಕಡೆ ಅರ್ಥವಿಲ್ಲದ ಚಿಹ್ನೆಗಳು, ಅನುವಾದಕನ ಹೆಸರೇ ಇರಲಿಲ್ಲ. ಫೋನಿನಲ್ಲಿ ಪುಕ್ಕಟೆ ಸಿಗುವುದನ್ನೇ ಕೆಟ್ಟ ರೂಪದಲ್ಲಿ ದುಡ್ಡು ಕೊಟ್ಟು ಕೊಂಡ ಹಾಗಾಯಿತು. ಪುಸ್ತಕದ ವಿವರದಲ್ಲಿ ಅನುವಾದಕರ ಹೆಸರು ಇಲ್ಲದಿದ್ದರೆ ಕೊಳ್ಳಬೇಡಿ.

ಒಂದೇ ಪುಸ್ತಕ ಕೊಳ್ಳುವವರಿಗೆ: ವೆರಿಟಿ ಅಥವಾ ವೆಲ್ಸ್

ಹೆಚ್ಚಿನವರ ಗೊಂದಲ ಇರುವುದು ಇಲ್ಲಿ. ಆಂತೊನಿ ವೆರಿಟಿಯವರ ಅನುವಾದ 2002ರಲ್ಲಿ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಮಾಲೆಯಲ್ಲಿ ಬಂತು. ಮುನ್ನುಡಿ ಮತ್ತು ಟಿಪ್ಪಣಿ ರಿಚರ್ಡ್ ಹಂಟರ್ ಅವರದು. ರಾಬರ್ಟ್ ವೆಲ್ಸ್ ಅವರದು 1988ರಲ್ಲಿ ಕಾರ್ಕನೆಟ್ ಪ್ರಕಾಶನದಿಂದ ಬಂದು, ಆಮೇಲೆ ಪೆಂಗ್ವಿನ್ ಕ್ಲಾಸಿಕ್ಸ್ ಆಯಿತು.

ವೆಲ್ಸ್ ಸ್ವತಃ ಕವಿ. ಬೇಸಾಯವನ್ನು ಕುರಿತ ವರ್ಜಿಲ್‌ನ ‘ಜಾರ್ಜಿಕ್ಸ್’ ಕೂಡ ಅನುವಾದಿಸಿದವರು. ಅವರ ಸಾಲುಗಳನ್ನು ಇಂಗ್ಲಿಷ್ ಕವಿತೆಯಾಗಿಯೇ ಓದಬಹುದು. ಮಾತು ಕಮ್ಮಿ, ಬಿಗಿ ಜಾಸ್ತಿ. ಮೂಲದಲ್ಲಿ ಹರಡಿಕೊಂಡಿರುವ ಕಡೆಯೂ ಇವರು ಕಟ್ಟಿ ಹಿಡಿಯುತ್ತಾರೆ. ಕವಿತೆ ಬರೆಯುವವರಿಗೆ ನಾನು ಇದನ್ನೇ ಹೇಳುವುದು. ತೊಂದರೆ ಏನೆಂದರೆ, ತರಗತಿಯಲ್ಲಿ “ಐವತ್ತನೇ ಸಾಲು ನೋಡಿ” ಅಂದಾಗ ಹುಡುಕುವುದು ಕಷ್ಟವಾಗಬಹುದು. ಹೊಸ ಪ್ರತಿ ಎಲ್ಲ ಕಡೆ ಸಿಗುವುದೂ ಇಲ್ಲ. ಹಳೆ ಪುಸ್ತಕದ ಅಂಗಡಿಯಲ್ಲಿ ಕಂಡರೆ ಬಿಡಬೇಡಿ.

ವೆರಿಟಿಯವರ ಸಾಲು ಉದ್ದ, ಸಡಿಲ. ಗ್ರೀಕ್ ಸಾಲಿನ ಜೊತೆ ಹೆಚ್ಚುಕಡಿಮೆ ಹೆಜ್ಜೆ ಹಾಕುತ್ತದೆ. ಎದ್ದು ಕಾಣುವ ಕವಿತ್ವ ಇಲ್ಲ. ಕೆಲವು ಕಡೆ ಗದ್ಯದ ಹಾಗೆ ಸಪ್ಪೆ ಅನ್ನಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಜನ ಮಾತಾಡುತ್ತಾರೆ! ಗೋರ್ಗೊ, ಪ್ರಾಕ್ಸಿನೊಆ ಇಬ್ಬರೂ ಜೀವಂತ. ಹೆಪ್ಪಿನ ವಾಸನೆ ಬರುತ್ತದೆ. ಹಂಟರ್ ಅವರ ಮುನ್ನುಡಿಯೊಂದಕ್ಕೇ ಈ ಪುಸ್ತಕದ ಬೆಲೆ ಕೊಡಬಹುದು. ಎಂ.ಎ. ಓದುವ ಹುಡುಗನಿಗೂ, ಒಂದೇ ಪುಸ್ತಕ ಕೊಂಡು ಜೀವಮಾನ ಇಟ್ಟುಕೊಳ್ಳುವವರಿಗೂ ನನ್ನ ಉತ್ತರ ವೆರಿಟಿ. ಎರಡೂ ಕೈಗೆಟುಕುವ ಬೆಲೆಯ ಪೇಪರ್‌ಬ್ಯಾಕ್‌ಗಳು, ಹಾಗಾಗಿ ಇಲ್ಲಿ ದುಡ್ಡು ತೀರ್ಮಾನಿಸುವುದಿಲ್ಲ. ನಿಮಗೆ ಕವಿತೆಯ ಬಿಗಿ ಮುಖ್ಯವೋ, ಪಕ್ಕದಲ್ಲಿ ಕೂತು ವಿವರಿಸುವವರು ಮುಖ್ಯವೋ ಎಂಬುದು ತೀರ್ಮಾನಿಸುತ್ತದೆ.

ಅಂಗಡಿಯಲ್ಲಿ ಎರಡೂ ಕೈಗೆ ಸಿಕ್ಕರೆ ಹತ್ತನೇ ಇಡಿಲ್ ತೆಗೆದು ಎರಡರಲ್ಲೂ ಓದಿ ನೋಡಿ. ಚಿಕ್ಕದು, ಐದು ನಿಮಿಷ ಸಾಕು. ಇಬ್ಬರು ಕುಯ್ಲಿನ ಆಳುಗಳು. ಒಬ್ಬನಿಗೆ ಪ್ರೀತಿ ಹತ್ತಿದೆ, ಕೈ ಓಡುತ್ತಿಲ್ಲ. ಅವನ ಹುಡುಗಿ ಬೊಂಬಿಕಾಳನ್ನು ಎಲ್ಲರೂ ಸಿರಿಯಾದವಳು, ಬಡಕಲು, ಬಿಸಿಲಲ್ಲಿ ಸುಟ್ಟವಳು ಎನ್ನುತ್ತಾರೆ. ಅವನೊಬ್ಬನಿಗೆ ಮಾತ್ರ ಅವಳು ಜೇನುಬಣ್ಣದವಳು. ಆಡು ಸೊಪ್ಪಿನ ಹಿಂದೆ, ತೋಳ ಆಡಿನ ಹಿಂದೆ, ಕೊಕ್ಕರೆ ನೇಗಿಲ ಹಿಂದೆ, ನಾನು ನಿನ್ನ ಹಿಂದೆ ಎಂದು ಹಾಡುತ್ತಾನೆ. ಇನ್ನೊಬ್ಬ, ಮೈಲಾನ್, ಕೆಲಸದ ಹಾಡು ಹೇಳುತ್ತಾನೆ. ಬೇಳೆಯನ್ನು ಸರಿಯಾಗಿ ಬೇಯಿಸು ಜಿಪುಣ ಮೇಸ್ತ್ರಿ, ಜೀರಿಗೆ ಸೀಳಲು ಹೋಗಿ ಕೈ ಕೊಯ್ದುಕೊಂಡೀಯೆ ಅಂತ. ಜೀರಿಗೆಯನ್ನೂ ಸೀಳಿ ಹಾಕುವಷ್ಟು ಜಿಪುಣ! 2,200 ವರ್ಷಕ್ಕೂ ಹಳೆಯ ಮಾತು ಇದು. ಯಾವ ಅನುವಾದದಲ್ಲಿ ಈ ಜೀರಿಗೆ ನಿಮಗೆ ನಗು ತರಿಸಿತೋ ಅದನ್ನು ಕೊಳ್ಳಿ.

ಗ್ರೀಕ್ ಕಡೆ ಕಣ್ಣು ಹಾಯಿಸುವವರಿಗೆ: ಲೋಬ್

ಮೇಷ್ಟ್ರಿಗೆ ನಾನು ಹೇಳಿದ್ದು ಹೊಸ ಲೋಬ್. 2015ರಲ್ಲಿ ನೀಲ್ ಹಾಪ್‌ಕಿನ್ಸನ್ ಹೊಸದಾಗಿ ಮಾಡಿದ್ದು. ಎಡ್ಮಂಡ್ಸ್‌ನ ಹಳೆಯ ಪುಸ್ತಕದ ಜಾಗಕ್ಕೆ ಬಂತು. ಹಸಿರು ರಟ್ಟಿನ ಪುಟ್ಟ ಪುಸ್ತಕ, ಎಡಗಡೆ ಗ್ರೀಕ್, ಬಲಗಡೆ ಇಂಗ್ಲಿಷ್ ಗದ್ಯ. ಥಿಯೋಕ್ರಿಟಸ್ ಜೊತೆಗೆ ಅವನ ದಾರಿ ಹಿಡಿದ ಮೋಸ್ಕಸ್ ಮತ್ತು ಬಯಾನ್ ಕೂಡ ಇದರಲ್ಲಿದ್ದಾರೆ. ಪಾಸ್ಟರಲ್‌ನ ಮೊದಲ ಇನ್ನೂರು ವರ್ಷ ಒಂದೇ ರಟ್ಟಿನೊಳಗೆ ಸಿಗುತ್ತದೆ ಎಂಬುದು ಸಣ್ಣ ಲಾಭವಲ್ಲ. ಇಂಗ್ಲಿಷ್ ನೇರವಾಗಿದೆ, ನಂಬಬಹುದು. ಆದರೆ ಅದು ಗ್ರೀಕ್ ಕಡೆಗೆ ದಾರಿ ತೋರಿಸಲು ಇರುವ ಗದ್ಯ. ಅದನ್ನಷ್ಟೇ ಓದಿ ಇದು ಕಾವ್ಯವೇ ಎಂದು ಕೇಳಿದರೆ ಪುಸ್ತಕಕ್ಕೆ ಅನ್ಯಾಯ. ಬೆಲೆಯೂ ಪೇಪರ್‌ಬ್ಯಾಕ್‌ಗಿಂತ ಬಹಳ ಜಾಸ್ತಿ. ಗ್ರೀಕ್ ಪುಟವನ್ನು ನೋಡುವ ಉದ್ದೇಶ ಇಲ್ಲದಿದ್ದರೆ ಆ ದುಡ್ಡಿಗೆ ವೆರಿಟಿ ಕೊಂಡು ಉಳಿದದ್ದಕ್ಕೆ ವರ್ಜಿಲ್ ಕೊಳ್ಳಿ.

ಗ್ರೀಕ್ ಬಾರದವರಿಗೂ ಎಡಪುಟದಿಂದ ಒಂದು ಉಪಯೋಗ ಇದೆ. ಅಕ್ಷರ ಕಲಿಯಲು ಒಂದು ವಾರ ಸಾಕು. ಕಲಿತ ಮೇಲೆ ಮೊದಲ ಇಡಿಲ್‌ನ ಮೊದಲ ಸಾಲನ್ನು ಬಾಯಿಬಿಟ್ಟು ಓದಿ: “ಹಾದು ತಿ ತೊ ಪ್ಸಿಥುರಿಸ್ಮ ಕಾಯ್ ಹಾ ಪಿತುಸ್, ಅಯ್‌ಪೊಲೆ, ತೇನಾ”. ಬುಗ್ಗೆಯ ಪಕ್ಕದ ಪೈನ್ ಮರದ ಪಿಸುಮಾತು ಹಿತವಾಗಿದೆ ಎಂದು ಥರ್ಸಿಸ್ ಆಡುಗಾಹಿಗೆ ಹೇಳುತ್ತಿದ್ದಾನೆ. ‘ಪ್ಸಿಥುರಿಸ್ಮ’ ಎಂಬ ಪದದಲ್ಲೇ ಗಾಳಿ ಸುಳಿಯುತ್ತದೆ. ನಮ್ಮ ‘ಪಿಸುಮಾತು’ ಕೂಡ ಹಾಗೇ ಅಲ್ವಾ? ಇಂಗ್ಲಿಷ್ ಅನುವಾದದಲ್ಲಿ ಸಿಗದ ಈ ಸದ್ದು ಕನ್ನಡದ ಕಿವಿಗೆ ನೇರವಾಗಿ ತಲುಪುತ್ತದೆ. ನನಗೆ ಲೋಬ್ ಇಷ್ಟವಾಗುವುದು ಇದಕ್ಕೇ.

ಕನ್ನಡದವರಿಗೆ ಇನ್ನೊಂದು ಅನುಕೂಲ ಉಂಟು. ಗ್ರೀಕ್‌ನಲ್ಲಿ ದನ ಕಾಯುವವನು ‘ಬೂಕೊಲೊಸ್’, ಕುರಿ ಕಾಯುವವನು ‘ಪೊಯ್ಮೇನ್’, ಆಡು ಕಾಯುವವನು ‘ಅಯ್‌ಪೊಲೊಸ್’. ಮೂವರೂ ಬೇರೆ ಬೇರೆ, ಅವರಲ್ಲಿ ಮೇಲು ಕೀಳು ಕೂಡ ಇದೆ. ದನದವನು ಮೇಲೆ, ಆಡಿನವನು ಕೆಳಗೆ. ಮೊದಲ ಇಡಿಲ್‌ನಲ್ಲಿ ಪ್ರಯಾಪಸ್ ದೇವರು ಡ್ಯಾಫ್ನಿಸ್‌ನನ್ನು ಹಂಗಿಸುತ್ತಾನೆ: ನೀನು ದನ ಕಾಯುವವನು ಅನ್ನಿಸಿಕೊಂಡಿದ್ದೆ, ಈಗ ಆಡು ಕಾಯುವವನ ಹಾಗಾದೆಯಲ್ಲ. ‘ಬುಕಾಲಿಕ್’ ಎಂಬ ಪದವೇ ದನದವನಿಂದ ಬಂದದ್ದು. ಇಂಗ್ಲಿಷ್‌ನಲ್ಲಿ ಕಡೆಕಡೆಗೆ ಎಲ್ಲರನ್ನೂ ‘ಶೆಪರ್ಡ್’ ಮಾಡಿ ಮುಗಿಸಿಬಿಟ್ಟರು. ನಮ್ಮ ಹಳ್ಳಿಗಳಲ್ಲಿ ದನ ಮೇಯಿಸುವವರು, ಕುರಿ ಮೇಯಿಸುವವರು ಬೇರೆ ಅಂತ ಎಲ್ಲರಿಗೂ ಗೊತ್ತು. ಯಾವ ಅನುವಾದ ತೆಗೆದುಕೊಂಡರೂ ಈ ಮೂವರನ್ನು ಬೇರೆಯಾಗಿ ಇಟ್ಟಿದ್ದಾರೆಯೇ ನೋಡಿ.

ಆಳಕ್ಕೆ ಇಳಿಯುವವರಿಗೆ: ಗೌ

ಎ.ಎಸ್.ಎಫ್. ಗೌ ಅವರ ಎರಡು ಸಂಪುಟ 1950ರಲ್ಲಿ ಕೇಂಬ್ರಿಜ್‌ನಿಂದ ಬಂದವು. ಒಂದರಲ್ಲಿ ಗ್ರೀಕ್ ಪಠ್ಯ ಮತ್ತು ಇಂಗ್ಲಿಷ್ ಗದ್ಯ, ಇನ್ನೊಂದರಲ್ಲಿ ಬರೀ ವ್ಯಾಖ್ಯಾನ. ಒಂದು ಗಿಡದ ಹೆಸರು ಬಂದರೆ ಅದು ಯಾವ ಗಿಡ ಎಂದು ಹುಡುಕಿ ಹೇಳುತ್ತಾರೆ. ಸಂಶೋಧನೆ ಮಾಡುವವರಿಗೆ ಇದು ಬೇಕೇ ಬೇಕು, ಬೇರೆಯವರು ಕೊಳ್ಳುವುದು ಬೇಡ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ನೋಡಿದರೆ ಸಾಕು. ಗ್ರೀಕ್ ಕಲಿತು ಒಂದೆರಡು ವರ್ಷ ಆದವರಿಗೆ ಹಂಟರ್ 1999ರಲ್ಲಿ ತಂದ ಆಯ್ದ ಕವಿತೆಗಳ ಪುಸ್ತಕ ಇನ್ನೂ ಹತ್ತಿರದ್ದು. ಅದರಲ್ಲಿ 1, 3, 4, 6, 7, 10, 11, 13 ಇವೆ, ಅನುವಾದ ಇಲ್ಲ.

ಪಾಸ್ಟರಲ್ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ನಿಮ್ಮನ್ನು ಕಾಡುತ್ತಿದ್ದರೆ ಗೌ ಅಥವಾ ಹಂಟರ್ ಬಳಿಗೆ ಹೋಗಲೇಬೇಕು. ಹಳೆಯ ಕಾಲದ ವ್ಯಾಖ್ಯಾನಕಾರರು ಇದಕ್ಕೆ ಕಥೆಗಳನ್ನೇ ಹೇಳಿದ್ದಾರೆ. ಆರ್ಟೆಮಿಸ್ ದೇವಿಯ ಹಬ್ಬದಲ್ಲಿ ಹಳ್ಳಿಯವರು ಹಾಡಿದ್ದರಿಂದ ಹುಟ್ಟಿತು ಎನ್ನುತ್ತಾರೆ. ಜಾಗ ಒಬ್ಬರಿಗೆ ಸ್ಪಾರ್ಟಾ ಕಡೆ, ಒಬ್ಬರಿಗೆ ಸಿಸಿಲಿ. ಸಿಸಿಲಿಯವನೇ ಆದ ಇತಿಹಾಸಕಾರ ಡಯೊಡೋರಸ್, ಡ್ಯಾಫ್ನಿಸ್ ಎಂಬ ದನಗಾಹಿಯೇ ಈ ಹಾಡನ್ನು ಕಂಡುಹಿಡಿದ ಎನ್ನುತ್ತಾನೆ. ಕಾಡಿನಲ್ಲಿ ಹಾಡುವವರು ಖಂಡಿತ ಇದ್ದರು. ಆದರೆ ಅವರ ಹಾಡು ತಾನಾಗಿ ಕಾವ್ಯವಾಗಲಿಲ್ಲ. ಪುಸ್ತಕ ತುಂಬಿದ ಅಲೆಕ್ಸಾಂಡ್ರಿಯಾವನ್ನು ಕಂಡ ಒಬ್ಬ ಓದಿದ ಮನುಷ್ಯ ಊರಿನ ಹಾಡನ್ನು ನೆನೆದು, ಹೋಮರ್‌ನ ಸಾಲಿಗೆ ಹೊಂದಿಸಿ ಬರೆದ. ಕ್ರಿ.ಪೂ. 1ನೇ ಶತಮಾನದಲ್ಲಿ ಆರ್ಟೆಮಿಡೋರಸ್ ಎಂಬ ಪಂಡಿತ ಇಂಥ ಕವಿತೆಗಳನ್ನೆಲ್ಲ ಒಟ್ಟು ಮಾಡಿದ. ಅವನು ಬರೆದ ಎರಡು ಸಾಲು ನನಗೆ ಬಲು ಪ್ರೀತಿ: ದನದ ಹಾಡಿನ ದೇವತೆಗಳು ಚದುರಿ ಹೋಗಿದ್ದರು, ಈಗ ಎಲ್ಲರೂ ಒಂದೇ ದೊಡ್ಡಿಯಲ್ಲಿ, ಒಂದೇ ಮಂದೆಯಲ್ಲಿ ಇದ್ದಾರೆ.

ವರ್ಜಿಲ್‌ನಿಂದಲೇ ಶುರು ಮಾಡಬಹುದಾ ಎಂದೂ ಕೆಲವರು ಕೇಳುತ್ತಾರೆ. ಮಾಡಬಹುದು. ಆದರೆ ಮೊದಲು ಥಿಯೋಕ್ರಿಟಸ್‌ನ ಎರಡು ಮೂರು ಕವಿತೆಯಾದರೂ ಓದಿದ್ದರೆ ವರ್ಜಿಲ್ ಯಾವ ಸಾಲನ್ನು ಎಲ್ಲಿಂದ ಎತ್ತಿ ಹೇಗೆ ತಿರುಗಿಸಿದ ಎಂಬುದು ಕಾಣುತ್ತದೆ.

ಪುಸ್ತಕ ಕೈಗೆ ಬಂದ ಮೇಲೆ

ಯಾವುದೇ ಅನುವಾದವಾಗಲಿ, ಒಂದರಿಂದ ಮೂವತ್ತರ ತನಕ ಸಾಲಾಗಿ ಓದಲು ಹೋಗಬೇಡಿ. ಸುಸ್ತಾಗುತ್ತದೆ. ಹನ್ನೊಂದರಿಂದ ಶುರು ಮಾಡಿ, 81 ಸಾಲಿನ ಪುಟ್ಟ ಕವಿತೆ. ಒಂಟಿ ಕಣ್ಣಿನ ಪಾಲಿಫೀಮಸ್ ಕಡಲಿನ ಹೆಣ್ಣು ಗ್ಯಾಲಟಿಯಾಳನ್ನು ಕರೆಯುತ್ತಾನೆ. ನನ್ನ ಬಳಿ ಸಾವಿರ ಕುರಿ ಇವೆ, ಚಳಿಗಾಲದಲ್ಲೂ ಚೀಸ್ ಮುಗಿಯುವುದಿಲ್ಲ, ನಿನಗೆಂದು ನಾಲ್ಕು ಕರಡಿ ಮರಿ ಸಾಕಿದ್ದೇನೆ ಎನ್ನುತ್ತಾನೆ. ಅಮ್ಮ ನನಗೆ ಕಿವಿರು ಕೊಟ್ಟು ಹೆತ್ತಿದ್ದರೆ ಮುಳುಗಿ ಬಂದು ನಿನ್ನ ಕೈಗೆ ಮುತ್ತಿಡುತ್ತಿದ್ದೆ ಎಂದು ಹಂಬಲಿಸುತ್ತಾನೆ. ಪ್ರೀತಿಗೆ ಹಾಡಿಗಿಂತ ಬೇರೆ ಔಷಧಿ ಇಲ್ಲ ಎಂದು ಥಿಯೋಕ್ರಿಟಸ್ ಈ ಕವಿತೆಯನ್ನು ತನ್ನ ಡಾಕ್ಟರ್ ಗೆಳೆಯ ನಿಕಿಯಸ್‌ಗೆ ಬರೆದ.

ಆಮೇಲೆ ಹತ್ತು, ಆಮೇಲೆ ನಾಲ್ಕು. ನಾಲ್ಕರಲ್ಲಿ ಏನೂ ನಡೆಯುವುದಿಲ್ಲ. ಇಬ್ಬರು ಮಾತಾಡುತ್ತಾರೆ, ದನ ಆಲಿವ್ ಚಿಗುರಿಗೆ ಬಾಯಿ ಹಾಕುತ್ತವೆ, ಒಬ್ಬನ ಕಾಲಿಗೆ ಮುಳ್ಳು ಚುಚ್ಚುತ್ತದೆ, ಇನ್ನೊಬ್ಬ ತೆಗೆಯುತ್ತಾನೆ. ಬರಿಗಾಲಲ್ಲಿ ಗುಡ್ಡ ಹತ್ತಬೇಡ ಎನ್ನುತ್ತಾನೆ. ಅಷ್ಟೇ. ಇದು ಇಷ್ಟವಾದರೆ ಥಿಯೋಕ್ರಿಟಸ್ ನಿಮ್ಮವನಾದ ಎಂದು ತಿಳಿಯಿರಿ. ಹದಿನೈದು ಮತ್ತು ಎರಡನ್ನು ಒಂದೇ ಸಂಜೆ ಓದಬಹುದು. ಒಂದರಲ್ಲಿ ಗಲಾಟೆ, ಒಂದರಲ್ಲಿ ಬೆಳದಿಂಗಳಲ್ಲಿ ಮಾಟದ ಚಕ್ರ ತಿರುಗಿಸುತ್ತಾ ಕೂತ ಸಿಮೀಥಾ.

ಮೊದಲ ಇಡಿಲ್‌ಗೆ ರಜೆಯ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. ಆ ಕವಿತೆ ನಡೆಯುವುದೂ ಮಟಮಟ ಮಧ್ಯಾಹ್ನವೇ. ಕೊಳಲು ಊದು ಎಂದು ಥರ್ಸಿಸ್ ಕೇಳಿದರೆ ಆಡುಗಾಹಿ ಒಪ್ಪುವುದಿಲ್ಲ. ಬೇಟೆಯಾಡಿ ದಣಿದ ಪ್ಯಾನ್ ಈ ಹೊತ್ತಿನಲ್ಲಿ ಮಲಗಿರುತ್ತಾನೆ, ಎಬ್ಬಿಸಿದರೆ ಕೆಟ್ಟ ಕೋಪ ಎನ್ನುತ್ತಾನೆ. ಬಟ್ಟಲಿನ ಮೇಲೆ ಕೆತ್ತಿದ ಹುಡುಗನನ್ನು ಗಮನಿಸಿ. ದ್ರಾಕ್ಷಿ ತೋಟ ಕಾಯಲು ಕೂರಿಸಿದ್ದಾರೆ. ಒಂದು ನರಿ ಹಣ್ಣಿಗೆ ಹೋಗಿದೆ, ಇನ್ನೊಂದರ ಕಣ್ಣು ಅವನ ಬುತ್ತಿಯ ಮೇಲೆ. ಅವನಿಗೆ ಯಾವುದರ ಪರಿವೆಯೂ ಇಲ್ಲ, ಕಡ್ಡಿ ಹೆಣೆದು ಮಿಡತೆಗೆ ಬೋನು ಮಾಡುತ್ತಿದ್ದಾನೆ.

ಏಳನ್ನು ಕೊನೆಗೆ ಇಡಿ. ಕಾಸ್ ದ್ವೀಪದಲ್ಲಿ ಮೂವರು ಗೆಳೆಯರು ಪೇಟೆಯಿಂದ ಸುಗ್ಗಿಯ ಹಬ್ಬಕ್ಕೆ ನಡೆದು ಹೋಗುತ್ತಾರೆ. ದಾರಿಯಲ್ಲಿ ಲಿಕಿಡಸ್ ಸಿಕ್ಕಿ ಹಾಡು ಬದಲಾಯಿಸಿಕೊಂಡು ತನ್ನ ಕೋಲನ್ನು ಕೊಟ್ಟು ಹೋಗುತ್ತಾನೆ. ತೋಟ ಮುಟ್ಟಿದ ಮೇಲೆ ಬರುವ ಇಪ್ಪತ್ತೈದು ಸಾಲುಗಳನ್ನು ಎರಡು ಅನುವಾದದಲ್ಲಾದರೂ ಓದಿ: ಕಾಲ ಬುಡದಲ್ಲಿ ಪಿಯರ್ ಹಣ್ಣು, ಪಕ್ಕದಲ್ಲಿ ಉರುಳುವ ಸೇಬು, ಹಣ್ಣಿನ ಭಾರಕ್ಕೆ ನೆಲದ ತನಕ ಬಾಗಿದ ಪ್ಲಮ್ ಕೊಂಬೆಗಳು, ನಾಲ್ಕು ವರ್ಷದ ವೈನ್ ಜಾಡಿಯ ಬಾಯಿಂದ ಆಗತಾನೆ ಬಿಡಿಸಿದ ರಾಳ.